ಮಳೆಗಾಲಕ್ಕೆ ಮುನ್ನ ಸ್ಪ್ಯಾನಿಂಗ್ ಟ್ರೀ ಸಮಯಗಳು: ಫಾರ್ವರ್ಡ್ ಡಿಲೇ ಕಡಿಮೆ ಮಾಡಬಹುದೇ?

ಕುಶಾವತಿ, ತೀರ್ಥಹಳ್ಳಿ

ಎಲ್ಲರಿಗೂ ನಮಸ್ಕಾರ. ತೀರ್ಥಹಳ್ಳಿ ತಾಲ್ಲೂಕಿನ ಒಂದು ಸಹಕಾರ ಸಂಘದ ನೆಟ್‌ವರ್ಕ್ ನೋಡಿಕೊಳ್ಳುವ ಕೆಲಸ ನನ್ನದು. ಮುಖ್ಯ ಕಚೇರಿ, ಅಡಿಕೆ ಗೋದಾಮು, ಗೊಬ್ಬರದ ಗೋದಾಮು, ವೇಬ್ರಿಜ್ ಮತ್ತು ಗುಡ್ಡದ ಆಚೆಯ ಶಾಖೆ, ಈ ಐದು ಕಡೆಗಳಲ್ಲಿ ಒಂದೊಂದು ಮ್ಯಾನೇಜ್ಡ್ ಸ್ವಿಚ್ ಇದ್ದು, ಇದೇ ಕ್ರಮದಲ್ಲಿ ಒಂದರಿಂದ ಇನ್ನೊಂದಕ್ಕೆ ಫೈಬರ್ ಎಳೆಯಲಾಗಿದೆ. ಫೈಬರ್ ವಿದ್ಯುತ್ ಕಂಬಗಳ ಮೇಲೆಯೇ ಹಾದುಹೋಗುವುದರಿಂದ ಆಷಾಢದ ಗಾಳಿಗೆ ಮರವೋ ಕೊಂಬೆಯೋ ಬಿದ್ದಾಗಲೆಲ್ಲ ತುಂಡಾಗುತ್ತದೆ. ಆ ಕಾರಣಕ್ಕೆ ಶಾಖೆಯಿಂದ ಕಚೇರಿಗೆ ನೇರವಾಗಿ 5 ಗಿಗಾಹರ್ಟ್ಸ್ ರೇಡಿಯೊ ಒಂದನ್ನು ಹಾಕಿ, ಇಡೀ ಜೋಡಣೆಯನ್ನು ಉಂಗುರದಂತೆ ಮಾಡಿದ್ದೇವೆ. ಲೂಪ್ ಆಗದಿರಲೆಂದು, ಎಂದರೆ ಫ್ರೇಮ್‌ಗಳು (ದತ್ತಾಂಶದ ತುಣುಕುಗಳು) ಉಂಗುರದಲ್ಲಿ ಸುತ್ತುತ್ತಲೇ ಇರದಿರಲೆಂದು, ಹೆಚ್ಚುವರಿ ದಾರಿಯನ್ನು ಮುಚ್ಚಿಟ್ಟು ಬೇಕಾದಾಗ ತೆರೆಯುವ ಸ್ಪ್ಯಾನಿಂಗ್ ಟ್ರೀ ಎಲ್ಲ ಸ್ವಿಚ್‌ಗಳಲ್ಲಿಯೂ ಚಾಲೂ ಇದೆ.

ತೊಂದರೆ ಏನೆಂದರೆ, ಫೈಬರ್ ಹೋದಾಗ ರೇಡಿಯೊ ದಾರಿ ತೆರೆದುಕೊಳ್ಳಲು ಒಂದು ನಿಮಿಷಕ್ಕೆ ಸಮೀಪದಷ್ಟು ಹೊತ್ತು ಹಿಡಿಯುತ್ತದೆ. ಅಷ್ಟರಲ್ಲಿ ಬಿಲ್ಲಿಂಗ್ ತಂತ್ರಾಂಶ ಸರ್ವರ್‌ನ ಸಂಪರ್ಕ ಕಡಿದುಕೊಂಡು, ತೂಕದ ನಮೂದನ್ನು ಮೊದಲಿನಿಂದ ಮಾಡಬೇಕಾಗುತ್ತದೆ. ಅಡಿಕೆ ಟೆಂಡರ್ ನಡೆಯುವ ದಿನ ಹೀಗಾದರೆ ಬೆಳೆಗಾರರು ಸಾಲಿನಲ್ಲಿ ನಿಂತು ಕಾಯಬೇಕಾಗುತ್ತದೆ. ಇದನ್ನು ಸರಿಪಡಿಸಲೆಂದು ಕಚೇರಿಯ ಸ್ವಿಚ್‌ನಲ್ಲಿ ಫಾರ್ವರ್ಡ್ ಡಿಲೇಯನ್ನು (ಪೋರ್ಟ್ ತೆರೆಯುವ ಮುನ್ನ ಪ್ರತಿ ಹಂತದಲ್ಲಿ ಕಾಯುವ ಹೊತ್ತು) 15 ಸೆಕೆಂಡಿನಿಂದ 7ಕ್ಕೂ, ಮ್ಯಾಕ್ಸ್ ಏಜ್ ಅನ್ನು (ಬಂದ ಸಂದೇಶವನ್ನು ನಂಬುವ ಗರಿಷ್ಠ ಹೊತ್ತು) 20ರಿಂದ 10ಕ್ಕೂ ಇಳಿಸಿದೆ. ಆದರೆ ಉಳಿದ ಸ್ವಿಚ್‌ಗಳು ಈಗಲೂ 15 ಮತ್ತು 20 ಎಂದೇ ತೋರಿಸುತ್ತಿವೆ, ಕಾಯುವ ಹೊತ್ತೂ ಕಡಿಮೆಯಾಗಿಲ್ಲ. ಪ್ರತಿಯೊಂದು ಸ್ವಿಚ್‌ಗೂ ಹೋಗಿ ಬದಲಾಯಿಸಬೇಕೇ? ಫಾರ್ವರ್ಡ್ ಡಿಲೇಯನ್ನು 4ರವರೆಗೂ ಇಳಿಸಬಹುದೆಂದು ಕೇಳಿದ್ದೇನೆ. ಹಾಗೆ ಮಾಡಿದರೆ ಅಪಾಯವಿದೆಯೇ? ತಿಳಿದವರು ದಯವಿಟ್ಟು ವಿವರಿಸಬೇಕು.

ವಿದ್ಯಾನಗರ, ಶಿವಮೊಗ್ಗ

ಕುಶಾವತಿ ಅವರೇ, ಸಮಯಗಳ ಮಾತಿಗೆ ಬರುವ ಮುಂಚೆ ತಮ್ಮ ಜಾಲದಲ್ಲಿ ರೂಟ್ ಬ್ರಿಡ್ಜ್, ಎಂದರೆ ಉಳಿದ ಸ್ವಿಚ್‌ಗಳು (ಬ್ರಿಡ್ಜ್‌ಗಳು) ಹಿಂಬಾಲಿಸುವ ಮುಖ್ಯ ಸ್ವಿಚ್, ಯಾವುದು ಎಂಬುದನ್ನು ನೋಡಿ ತಿಳಿಸಿ. ತಾವು ವಿವರಿಸಿದ ಲಕ್ಷಣವನ್ನು ನೋಡಿದರೆ ಕಚೇರಿಯ ಸ್ವಿಚ್ ರೂಟ್ ಅಲ್ಲವೆಂದು ಬಹುಮಟ್ಟಿಗೆ ಹೇಳಬಹುದು.

ಹೆಲೋ ಸಮಯ (ರೂಟ್‌ನ ಎರಡು ಸಂದೇಶಗಳ ನಡುವಿನ ಅಂತರ), ಮ್ಯಾಕ್ಸ್ ಏಜ್, ಫಾರ್ವರ್ಡ್ ಡಿಲೇ, ಈ ಮೂರನ್ನೂ ಯಾವ ಸ್ವಿಚ್‌ನಲ್ಲಿ ಬೇಕಾದರೂ ಬರೆದಿಡಬಹುದು. ಆದರೆ ಜಾಲದಲ್ಲಿ ಜಾರಿಗೆ ಬರುವುದು ರೂಟ್ ಬ್ರಿಡ್ಜ್‌ನಲ್ಲಿ ಬರೆದದ್ದು ಮಾತ್ರ. ರೂಟ್ ಪ್ರತಿ 2 ಸೆಕೆಂಡಿಗೊಮ್ಮೆ ಕಳುಹಿಸುವ ಬಿಪಿಡಿಯು ಎಂಬ ಸ್ಪ್ಯಾನಿಂಗ್ ಟ್ರೀ ಸಂದೇಶದ ಒಳಗೇ ಈ ಮೂರು ಅಂಕಿಗಳು ಇರುತ್ತವೆ, ಉಳಿದ ಸ್ವಿಚ್‌ಗಳು ತಮ್ಮ ಸ್ವಂತ ಅಂಕಿಗಳನ್ನು ಬದಿಗಿಟ್ಟು ಅವನ್ನೇ ಪಾಲಿಸುತ್ತವೆ. ಒಂದೇ ಜಾಲದಲ್ಲಿ ಒಬ್ಬರು 15, ಇನ್ನೊಬ್ಬರು 7 ಎಣಿಸುತ್ತಾ ಕುಳಿತರೆ ಲೂಪ್ ಆಗುವ ಅಪಾಯವಿದೆ, ಆದ್ದರಿಂದ ಈ ಏರ್ಪಾಡು ಬೇಕೆಂದೇ ಮಾಡಿದ್ದು. ಹಲವು ಸ್ವಿಚ್‌ಗಳ ಪರದೆಯಲ್ಲಿ ಎರಡು ಸಾಲು ಕಾಣುತ್ತದೆ: ಒಂದು ಆ ಸ್ವಿಚ್‌ನ ಸ್ವಂತದ್ದು, ಇನ್ನೊಂದು ರೂಟ್‌ನಿಂದ ಬಂದದ್ದು. ತಾವು ನೋಡಬೇಕಾದದ್ದು ಎರಡನೆಯದನ್ನು.

ಪ್ರಯಾರಿಟಿ ಅಂಕಿ ಅತಿ ಕಡಿಮೆಯಿರುವ ಸ್ವಿಚ್ ರೂಟ್ ಆಗುತ್ತದೆ. ಯಾರೂ ಅದನ್ನು ಬದಲಾಯಿಸದೆ ಎಲ್ಲ ಸ್ವಿಚ್‌ಗಳೂ 32768ರಲ್ಲೇ ಉಳಿದಿದ್ದರೆ, ಅತಿ ಕಡಿಮೆ ಮ್ಯಾಕ್ ವಿಳಾಸವಿರುವ (ಕಾರ್ಖಾನೆಯಲ್ಲಿ ಕೊಟ್ಟ ಗುರುತಿನ ಅಂಕಿ) ಸ್ವಿಚ್ ರೂಟ್ ಆಗುತ್ತದೆ. ಎಲ್ಲವೂ ಒಂದೇ ತಯಾರಕರದ್ದಾಗಿದ್ದರೆ ಸಾಮಾನ್ಯವಾಗಿ ಅದು ಇರುವುದರಲ್ಲೇ ಹಳೆಯ ಸ್ವಿಚ್ ಆಗಿರುತ್ತದೆ.

ಕುಶಾವತಿ, ತೀರ್ಥಹಳ್ಳಿ

ತಾವು ಹೇಳಿದ್ದು ಸರಿಯಾಗಿದೆ. ಎಲ್ಲ ಕಡೆ ಪ್ರಯಾರಿಟಿ 32768 ಇದೆ, ರೂಟ್ ಆಗಿರುವುದು ವೇಬ್ರಿಜ್‌ನ ಸ್ವಿಚ್. ಅದು ಎಲ್ಲಕ್ಕಿಂತ ಹಳೆಯದು, ಹಳೆಯ ಎಸ್‌ಟಿಪಿ (ಮೂಲ ಸ್ಪ್ಯಾನಿಂಗ್ ಟ್ರೀ) ಬಿಟ್ಟು ಬೇರೇನೂ ಅದಕ್ಕೆ ಬರುವುದಿಲ್ಲ. ಉಳಿದ ನಾಲ್ಕರಲ್ಲಿ ಅದರ ವೇಗದ ಆವೃತ್ತಿಯಾದ ಆರ್‌ಎಸ್‌ಟಿಪಿಯ ಆಯ್ಕೆಯೂ ಕಾಣುತ್ತಿದೆ. ಕಚೇರಿಯ ಸ್ವಿಚ್‌ಗೆ 4096 ಕೊಟ್ಟು ಅದನ್ನೇ ರೂಟ್ ಮಾಡಿದರೆ ನನ್ನ 7 ಮತ್ತು 10 ಜಾರಿಗೆ ಬರುತ್ತವೆ ಎಂದು ತಿಳಿಯಲೇ?

ವಿದ್ಯಾನಗರ, ಶಿವಮೊಗ್ಗ

ಬರುತ್ತವೆ, ಆದರೆ ದಯವಿಟ್ಟು ಹಾಗೆ ಮಾಡಬೇಡಿ. ಮೊದಲು ಕಚೇರಿಯ ಸ್ವಿಚ್‌ನಲ್ಲಿ 20 ಮತ್ತು 15ನ್ನು ಮರಳಿ ಬರೆಯಿರಿ, ಪ್ರಯಾರಿಟಿಯನ್ನು ಆಮೇಲೆ ಬದಲಾಯಿಸಿ. 7 ಮತ್ತು 10 ಎಂಬ ಜೋಡಿ ಲೆಕ್ಕದ ಪ್ರಕಾರ ಎರಡೇ ಸ್ವಿಚ್‌ಗಳ ಜಾಲಕ್ಕೆ ತಕ್ಕದ್ದು. ವಿವರವನ್ನು ಮುಂದೆ ಬರೆಯುತ್ತೇನೆ. ಅದಕ್ಕೆ ಮುಂಚೆ ಒಂದು ಪ್ರಶ್ನೆ: ಫೈಬರ್ ತುಂಡಾದಾಗ ಸ್ವಿಚ್‌ನ ಪೋರ್ಟ್ ದೀಪ ಆರುತ್ತದೆಯೇ, ಉರಿಯುತ್ತಲೇ ಇರುತ್ತದೆಯೇ?

ಕುಶಾವತಿ, ತೀರ್ಥಹಳ್ಳಿ

ಉರಿಯುತ್ತಲೇ ಇರುತ್ತದೆ. ಎಲ್ಲ ಕಡೆಯೂ ಫೈಬರ್ ಬಂದು ಸೇರುವುದು ಮೀಡಿಯಾ ಕನ್ವರ್ಟರ್‌ಗೆ (ಫೈಬರ್ ಸಂಕೇತವನ್ನು ತಾಮ್ರದ ಕೇಬಲ್‌ಗೆ ಬದಲಿಸುವ ಪೆಟ್ಟಿಗೆ). ಅಲ್ಲಿಂದ ಸ್ವಿಚ್‌ಗೆ ಒಂದು ಚಿಕ್ಕ ತಾಮ್ರದ ಕೇಬಲ್ ಇದೆ.

ಶರಾವತಿ ಹಿನ್ನೀರು, ಸಾಗರ

ಫೈಬರ್ ಕೆಲಸ ಮಾಡುವವನಾದ್ದರಿಂದ ಇಲ್ಲಿ ನಾನು ಮಾತು ಸೇರಿಸುತ್ತೇನೆ. ತಮ್ಮ ಒಂದು ನಿಮಿಷದ ಕಾಯುವಿಕೆಯಲ್ಲಿ ದೊಡ್ಡ ಪಾಲು ಕನ್ವರ್ಟರ್‌ಗಳದ್ದು.

ಹಳೆಯ ಎಸ್‌ಟಿಪಿಯಲ್ಲಿ ಮುಚ್ಚಿದ್ದ ಪೋರ್ಟ್ ತೆರೆಯಬೇಕಾದರೆ ಲಿಸನಿಂಗ್ ಸ್ಥಿತಿಯಲ್ಲಿ 15 ಸೆಕೆಂಡು, ಲರ್ನಿಂಗ್ ಸ್ಥಿತಿಯಲ್ಲಿ 15 ಸೆಕೆಂಡು, ಒಟ್ಟು 30 ಸೆಕೆಂಡು ಬೇಕು. ಕೊಂಡಿ ಸತ್ತದ್ದು ಸ್ವಿಚ್‌ಗೆ ತಕ್ಷಣ ತಿಳಿದರೆ ಈ 30ರಲ್ಲೇ ಮುಗಿಯುತ್ತದೆ. ತಮ್ಮಲ್ಲಿ ಫೈಬರ್ ತುಂಡಾದರೂ ಕನ್ವರ್ಟರ್ ತನ್ನ ತಾಮ್ರದ ಬದಿಯನ್ನು ಜೀವಂತವಾಗಿಯೇ ಇಟ್ಟಿರುತ್ತದೆ, ಹೀಗಾಗಿ ಸ್ವಿಚ್‌ಗೆ ಸುದ್ದಿಯೇ ಇರುವುದಿಲ್ಲ. ರೂಟ್‌ನ ಸಂದೇಶ ಬಾರದೆ ಹಳೆಯ ಸಂದೇಶದ ಆಯುಷ್ಯ ಮುಗಿಯುವವರೆಗೆ, ಎಂದರೆ ಮ್ಯಾಕ್ಸ್ ಏಜ್‌ನ 20 ಸೆಕೆಂಡಿನವರೆಗೆ, ಅದು ಸುಮ್ಮನೆ ಕಾಯುತ್ತದೆ. 20ಕ್ಕೆ 30 ಸೇರಿ 50 ಆಯಿತು.

ಉತ್ತಮ ಕನ್ವರ್ಟರ್‌ಗಳಲ್ಲಿ ಲಿಂಕ್ ಫಾಲ್ಟ್ ಪಾಸ್ ಥ್ರೂ ಎಂಬ ಸೌಲಭ್ಯವಿರುತ್ತದೆ, ಪೆಟ್ಟಿಗೆಯ ಬದಿಯಲ್ಲಿ ಎಲ್‌ಎಫ್‌ಪಿ ಎಂಬ ಹೆಸರಿನ ಸಣ್ಣ ಡಿಪ್ ಸ್ವಿಚ್ ಕಾಣಬಹುದು. ಅದನ್ನು ಎರಡೂ ತುದಿಗಳಲ್ಲಿ ಹಾಕಿದರೆ ಫೈಬರ್ ಹೋದ ಕೂಡಲೇ ತಾಮ್ರದ ಬದಿಯೂ ಬೀಳುತ್ತದೆ. ಇನ್ನೂ ಒಳ್ಳೆಯದೆಂದರೆ ಕನ್ವರ್ಟರ್ ತೆಗೆದು, ಸ್ವಿಚ್‌ನಲ್ಲಿ ಎಸ್‌ಎಫ್‌ಪಿ ಗೂಡು ಇದ್ದರೆ ಫೈಬರ್ ಅನ್ನು ನೇರವಾಗಿ ಅದಕ್ಕೇ ಕೊಡುವುದು. ಕನ್ವರ್ಟರ್‌ನ ಅಡಾಪ್ಟರ್‌ಗಳು ಸಿಡಿಲಿಗೆ ಸುಡುವುದನ್ನು ನಮ್ಮ ಕಡೆ ಏಪ್ರಿಲ್, ಮೇ ತಿಂಗಳ ಅಡ್ಡಮಳೆಯಲ್ಲಿ ಮತ್ತೆ ಮತ್ತೆ ನೋಡುತ್ತೇವೆ, ಆ ಕಾಟವೂ ತಪ್ಪುತ್ತದೆ. ಸಮಯದ ಒಂದು ಅಂಕಿಯನ್ನೂ ಮುಟ್ಟದೆ 20 ಸೆಕೆಂಡು ಉಳಿಯಿತು.

ಘಟ್ಟದಂಚು, ಕೊಪ್ಪ

ನಮ್ಮದು ಕಾಫಿ ತೋಟ. ಮನೆಗೂ ಪಲ್ಪರ್ ಹೌಸ್‌ಗೂ ನಡುವೆ ಎರಡು ಕೇಬಲ್ ಹಾಕಿ, ಎರಡೂ ಕಡೆ ಒಂದೊಂದು ಸ್ವಿಚ್ ಇಟ್ಟಿದ್ದೇವೆ. ಫಾರ್ವರ್ಡ್ ಡಿಲೇ 4, ಮ್ಯಾಕ್ಸ್ ಏಜ್ 6 ಇಟ್ಟು ಬಹುಕಾಲದಿಂದ ನಡೆಸುತ್ತಿದ್ದೇವೆ, ಯಾವ ತೊಂದರೆಯೂ ಕಂಡಿಲ್ಲ. ಈ ಎರಡೂ ಅಂಕಿಗಳು ನಿಯಮದಲ್ಲಿ ಹೇಳಿದ ಕನಿಷ್ಠ ಮಿತಿಯ ಒಳಗೇ ಇವೆ. ಮ್ಯಾಕ್ಸ್ ಏಜ್ 6ರಿಂದ 40, ಫಾರ್ವರ್ಡ್ ಡಿಲೇ 4ರಿಂದ 30 ಎಂದು ಮಾನದಂಡವೇ ಅವಕಾಶ ಕೊಟ್ಟಿರುವಾಗ ಕುಶಾವತಿ ಅವರು ಏಕೆ ಹಿಂಜರಿಯಬೇಕು?

ವಿದ್ಯಾನಗರ, ಶಿವಮೊಗ್ಗ

ಘಟ್ಟದಂಚು ಅವರೇ, ತಮ್ಮ ಎರಡು ಸ್ವಿಚ್‌ಗಳಿಗೆ ಅದು ನಡೆಯುವುದರಲ್ಲಿ ಆಶ್ಚರ್ಯವಿಲ್ಲ. ಅಂಕಿಗಳು ಪರಸ್ಪರ ಹೊಂದಬೇಕಾದ ನಿಯಮಕ್ಕೂ ಅವು ಒಪ್ಪುತ್ತವೆ. ಆ ನಿಯಮ ಹೀಗಿದೆ: ಫಾರ್ವರ್ಡ್ ಡಿಲೇಯಲ್ಲಿ 1 ಕಳೆದು ಎರಡರಿಂದ ಗುಣಿಸಿದರೆ ಬರುವುದು ಮ್ಯಾಕ್ಸ್ ಏಜ್‌ಗಿಂತ ಕಡಿಮೆಯಾಗಬಾರದು, ಮತ್ತು ಹೆಲೋ ಸಮಯಕ್ಕೆ 1 ಕೂಡಿಸಿ ಎರಡರಿಂದ ಗುಣಿಸಿದರೆ ಬರುವುದಕ್ಕಿಂತ ಮ್ಯಾಕ್ಸ್ ಏಜ್ ಕಡಿಮೆಯಿರಬಾರದು. 4, 6, 2 ಎಂಬ ಅಂಕಿಗಳು ಎರಡೂ ಪರೀಕ್ಷೆಗಳಲ್ಲಿ ಅಂಚಿನಲ್ಲಿ ನಿಂತು ತೇರ್ಗಡೆಯಾಗುತ್ತವೆ. ಆದರೆ ಸ್ವಿಚ್ ಈ ಅಂಕಿಗಳನ್ನು ಒಪ್ಪಿಕೊಂಡ ಮಾತ್ರಕ್ಕೆ ಜಾಲ ಅವನ್ನು ತಾಳಿಕೊಳ್ಳುತ್ತದೆ ಎಂದು ಅರ್ಥವಲ್ಲ, ಏಕೆಂದರೆ ಸರಪಳಿ ಎಷ್ಟು ಉದ್ದವಿದೆ ಎಂಬುದು ಈ ನಿಯಮದೊಳಗೆ ಎಲ್ಲಿಯೂ ಬರುವುದಿಲ್ಲ. ಆ ಲೆಕ್ಕವನ್ನು ನಾವೇ ಹಾಕಬೇಕು.

ಕುಶಾವತಿ ಅವರ ಜಾಲಕ್ಕೆ ಹಾಕಿ ನೋಡೋಣ. ಕಚೇರಿ ರೂಟ್ ಆಗಿದೆ, ಕಚೇರಿಗೂ ಅಡಿಕೆ ಗೋದಾಮಿಗೂ ನಡುವಿನ ಫೈಬರ್ ಹೋಗಿದೆ ಎಂದುಕೊಳ್ಳಿ. ಆಗ ಗೋದಾಮಿಗೆ ಸಂದೇಶ ತಲುಪಬೇಕಾದದ್ದು ಉಂಗುರದ ಇನ್ನೊಂದು ಬದಿಯಿಂದ: ಕಚೇರಿಯ ರೇಡಿಯೊ, ಶಾಖೆಯ ರೇಡಿಯೊ, ಶಾಖೆಯ ಸ್ವಿಚ್, ವೇಬ್ರಿಜ್, ಗೊಬ್ಬರದ ಗೋದಾಮು, ಕೊನೆಗೆ ಅಡಿಕೆ ಗೋದಾಮು. ರೇಡಿಯೊಗಳೂ ಸ್ಪ್ಯಾನಿಂಗ್ ಟ್ರೀ ನಡೆಸುತ್ತಿದ್ದರೆ ಅವೂ ಒಂದೊಂದು ಬ್ರಿಡ್ಜ್ ಎಂದೇ ಲೆಕ್ಕ. ರೂಟ್ ಹೊರಡಿಸುವಾಗ ಸಂದೇಶದ ವಯಸ್ಸು 0, ಪ್ರತಿ ಬ್ರಿಡ್ಜ್ ದಾಟುವಾಗ ಅದಕ್ಕೆ 1 ಸೇರುತ್ತದೆ. ಶಾಖೆಗೆ ಬರುವಾಗ 2, ವೇಬ್ರಿಜ್‌ಗೆ 3, ಗೊಬ್ಬರದ ಗೋದಾಮಿಗೆ 4, ಅಡಿಕೆ ಗೋದಾಮಿಗೆ 5. ಮ್ಯಾಕ್ಸ್ ಏಜ್ 6 ಇಟ್ಟಿದ್ದರೆ ಅಡಿಕೆ ಗೋದಾಮಿನ ಸ್ವಿಚ್ ಆ ಸಂದೇಶವನ್ನು ನಂಬಿಕೊಂಡಿರುವುದು 1 ಸೆಕೆಂಡು ಮಾತ್ರ, ಮುಂದಿನ ಹೆಲೋ ಬರುವುದು 2 ಸೆಕೆಂಡಿನ ಮೇಲೆ. ಆ ನಡುವಿನ ಹೊತ್ತಿನಲ್ಲಿ ಅದು ರೂಟ್ ಸತ್ತಿತೆಂದು ತಿಳಿದು ತಾನೇ ರೂಟ್ ಎಂದು ಸಾರುತ್ತದೆ, ಮತ್ತೆ ಸಂದೇಶ ಬಂದಾಗ ಹಿಂದೆ ಸರಿಯುತ್ತದೆ, ಮತ್ತೆ ಸಾರುತ್ತದೆ. ವೇಬ್ರಿಜ್‌ನಲ್ಲಿ 3 ಸೆಕೆಂಡು ಉಳಿಯುತ್ತದಾದರೂ ಒಂದೇ ಒಂದು ಹೆಲೋ ದಾರಿಯಲ್ಲಿ ಕಳೆದುಹೋದರೆ ಅದರದ್ದೂ ಇದೇ ಗತಿ. ಎಲ್ಲ ಕೊಂಡಿಗಳೂ ಸರಿಯಿರುವ ದಿನ ಈ ದೋಷ ಕಾಣುವುದೇ ಇಲ್ಲ. ಫೈಬರ್ ತುಂಡಾದ ದಿನವೇ, ಯಾವ ದಿನಕ್ಕಾಗಿ ಇಷ್ಟೆಲ್ಲ ಸಿದ್ಧತೆ ಮಾಡಿದೆವೋ ಅಂದೇ, ಅದು ಹೊರಬರುತ್ತದೆ. ನನ್ನನ್ನು ನಿಜಕ್ಕೂ ಕಾಡುವುದು ಈ ಅಂಶ.

ಫಾರ್ವರ್ಡ್ ಡಿಲೇಯ ಅಪಾಯ ಬೇರೆ ಬಗೆಯದು. ಗಾಜನೂರಿನಲ್ಲಿ ಗೇಟು ತೆರೆಯುವ ಮುಂಚೆ ಹೊಳೆಯ ಕೆಳಗಿನ ಊರುಗಳಿಗೆಲ್ಲ ಸುದ್ದಿ ಮುಟ್ಟಲೆಂದು ಹೊತ್ತು ಬಿಡುತ್ತಾರಲ್ಲ, ಇದೂ ಅಂಥದ್ದೇ. ಹೊಸ ದಾರಿ ತೆರೆಯುವ ಮೊದಲು ಬದಲಾವಣೆಯ ಸುದ್ದಿ ಕಟ್ಟಕಡೆಯ ಸ್ವಿಚ್‌ಗೂ ಮುಟ್ಟಿ, ಮುಚ್ಚಬೇಕಾದ ಪೋರ್ಟ್‌ಗಳು ಮುಚ್ಚಿರಬೇಕು. ಸುದ್ದಿ ಮುಟ್ಟುವ ಮುನ್ನವೇ ತೆರೆದರೆ ಕೆಲವು ಕ್ಷಣವಾದರೂ ಲೂಪ್ ಉಂಟಾಗುತ್ತದೆ. ಈಥರ್ನೆಟ್ ಫ್ರೇಮ್‌ಗೆ ಐಪಿ ಪ್ಯಾಕೆಟ್‌ಗೆ ಇರುವಂತೆ ಟಿಟಿಎಲ್ (ಎಷ್ಟು ಬಾರಿ ದಾಟಬಹುದೆಂಬ ಮಿತಿ) ಇಲ್ಲ, ಆದ್ದರಿಂದ ಎಲ್ಲರಿಗೂ ಹೋಗುವಂಥ ಒಂದು ಬ್ರಾಡ್‌ಕಾಸ್ಟ್ ಫ್ರೇಮ್ ಸುತ್ತಲು ಶುರುಮಾಡಿದರೆ ತಾನಾಗಿ ನಿಲ್ಲುವುದಿಲ್ಲ. ಸುಂಟರಗಾಳಿಯಂತೆ ಎದ್ದ ಆ ದಟ್ಟಣೆಯಲ್ಲಿ ಬಿಪಿಡಿಯುಗಳೇ ಕಳೆದುಹೋದರೆ ಲೂಪ್ ಶಾಶ್ವತವಾಗಿ ಉಳಿದುಬಿಡಬಹುದು.

ಕಡಿಮೆ ಮಾಡಲೇಬೇಕೆಂದರೆ ಡಯಾಮೀಟರ್‌ನಿಂದ, ಎಂದರೆ ಯಾವುದೇ ಎರಡು ತುದಿಗಳ ನಡುವೆ ಸಿಗಬಹುದಾದ ಬ್ರಿಡ್ಜ್‌ಗಳ ಗರಿಷ್ಠ ಸಂಖ್ಯೆಯಿಂದ ಲೆಕ್ಕ ಹಾಕಬೇಕು. ಹೆಲೋ ಸಮಯದ ನಾಲ್ಕರಷ್ಟಕ್ಕೆ ಡಯಾಮೀಟರ್‌ನ ಎರಡರಷ್ಟನ್ನು ಕೂಡಿಸಿ 2 ಕಳೆದರೆ ಮ್ಯಾಕ್ಸ್ ಏಜ್. ಹೆಲೋ ಸಮಯದ ನಾಲ್ಕರಷ್ಟಕ್ಕೆ ಡಯಾಮೀಟರ್‌ನ ಮೂರರಷ್ಟನ್ನು ಕೂಡಿಸಿ ಅರ್ಧ ಮಾಡಿದರೆ ಫಾರ್ವರ್ಡ್ ಡಿಲೇ. ಡಯಾಮೀಟರ್ 7, ಹೆಲೋ 2 ಎಂದು ಹಾಕಿ ನೋಡಿ: 20 ಮತ್ತು 14.5, ಅದನ್ನೇ ಮೇಲಕ್ಕೆ ದುಂಡಾಗಿಸಿ 15 ಮಾಡಿದ್ದಾರೆ. ನಮ್ಮ ಸ್ವಿಚ್‌ಗಳು ಕಾರ್ಖಾನೆಯಿಂದಲೇ ಹೊತ್ತು ಬರುವ ಅಂಕಿಗಳು ಇಲ್ಲಿಂದ ಬಂದವು, ನಡುವೆ ಕೆಲವು ಸಂದೇಶಗಳು ಕಳೆದುಹೋಗಬಹುದೆಂಬ ಎಚ್ಚರವೂ ಅವುಗಳಲ್ಲಿ ಸೇರಿದೆ. ಐದು ಸ್ವಿಚ್, ಎರಡು ರೇಡಿಯೊ ಎಂದರೆ ಕುಶಾವತಿ ಅವರ ಸರಪಳಿ ಸರಿಯಾಗಿ 7. ಅವರಲ್ಲಿ ಇಳಿಸಲು ಜಾಗವೇ ಇಲ್ಲ. ರೇಡಿಯೊಗಳನ್ನು ಲೆಕ್ಕದಿಂದ ತೆಗೆದು 5 ಮಾಡಿದರೂ ಬರುವುದು 16 ಮತ್ತು 12. ಒಟ್ಟು 50 ಸೆಕೆಂಡು 40 ಆಗುತ್ತದೆ ಅಷ್ಟೆ, ಬಿಲ್ಲಿಂಗ್ ತಂತ್ರಾಂಶಕ್ಕೆ ಎರಡೂ ಒಂದೇ.

ಹೊಸನಗರದವ

ಇದಕ್ಕೆ ಹೊಂದಿಕೊಂಡ ಒಂದು ಮಾತು, ಲಿನಕ್ಸ್ ಬ್ರಿಡ್ಜ್ (ಸ್ವಿಚ್‌ನಂತೆ ಕೆಲಸ ಮಾಡುವ ತಂತ್ರಾಂಶ) ಬಳಸುವವರಿಗಾಗಿ. ವರ್ಚುವಲ್ ಯಂತ್ರಗಳಿರುವ ಸರ್ವರ್‌ನಲ್ಲಿಯೂ ಒಂದು ಬ್ರಿಡ್ಜ್ ಇರುತ್ತದೆ ಎಂಬುದನ್ನು ಬಹಳ ಮಂದಿ ಮರೆಯುತ್ತಾರೆ.

ಮೊದಲನೆಯದಾಗಿ, ಅಳತೆಯ ಘಟಕ. ಹಳೆಯ ಬಿಆರ್‌ಸಿಟಿಎಲ್ ಆಜ್ಞೆ ಸೆಕೆಂಡಿನಲ್ಲಿ ಕೇಳುತ್ತದೆ, ಐಪಿ ಲಿಂಕ್ ಆಜ್ಞೆಯೂ ಸಿಸ್‌ಎಫ್‌ಎಸ್ ಕಡತಗಳೂ ಸೆಕೆಂಡಿನ ನೂರನೆಯ ಒಂದು ಭಾಗದಲ್ಲಿ ಕೇಳುತ್ತವೆ. ಅಲ್ಲಿ 1500 ಎಂದು ಕಂಡರೆ ಅದು 15 ಸೆಕೆಂಡು, ಮ್ಯಾಕ್ಸ್ ಏಜ್ 2000 ಎಂದರೆ 20 ಸೆಕೆಂಡು. ಎರಡನೆಯದಾಗಿ, ಹಳೆಯ ಕರ್ನಲ್‌ಗಳ ಲಿನಕ್ಸ್ ಬ್ರಿಡ್ಜ್‌ನಲ್ಲಿ ಸ್ಪ್ಯಾನಿಂಗ್ ಟ್ರೀ ಆಫ್ ಇದ್ದರೂ ಫಾರ್ವರ್ಡ್ ಡಿಲೇ ಕೆಲಸ ಮಾಡುತ್ತಿತ್ತು, ಈಗಿನವುಗಳಲ್ಲಿ ಆಫ್ ಇದ್ದರೆ ಪೋರ್ಟ್ ಕಾಯದೆ ತೆರೆದುಕೊಳ್ಳುತ್ತದೆ. ಹಳೆಯವುಗಳಲ್ಲಿ ಹೊಸದಾಗಿ ಸೇರಿದ ಪೋರ್ಟ್ ಆ 15 ಸೆಕೆಂಡನ್ನು ಲರ್ನಿಂಗ್ ಸ್ಥಿತಿಯಲ್ಲಿ ಕಳೆದೇ ಮುಂದೆ ಹೋಗುತ್ತಿತ್ತು. ವರ್ಚುವಲ್ ಯಂತ್ರ ಎದ್ದ ಕೂಡಲೇ ಡಿಎಚ್‌ಸಿಪಿಯಿಂದ (ಐಪಿ ವಿಳಾಸವನ್ನು ತಾನಾಗಿ ಹಂಚುವ ಏರ್ಪಾಡು) ವಿಳಾಸ ಸಿಗದಿರುತ್ತಿದ್ದುದಕ್ಕೆ ಎಷ್ಟೋ ಸಲ ಇದೇ ಕಾರಣವಾಗಿತ್ತು. ಸರ್ವರ್‌ನಿಂದ ಹೊರಗೆ ಒಂದೇ ಕೇಬಲ್ ಹೋಗುತ್ತಿದ್ದು, ಒಳಗೆ ಲೂಪ್ ಆಗುವ ದಾರಿಯೇ ಇಲ್ಲದಿದ್ದರೆ ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿ ಫಾರ್ವರ್ಡ್ ಡಿಲೇಯನ್ನು 0 ಮಾಡುವುದು ಸರಿ. ಸ್ಪ್ಯಾನಿಂಗ್ ಟ್ರೀ ಆನ್ ಇರುವಾಗ ಕರ್ನಲ್ 0 ಅನ್ನು ಒಪ್ಪುವುದಿಲ್ಲ, 2 ಸೆಕೆಂಡಿಗಿಂತ ಕೆಳಗೆ ಹೋಗಗೊಡುವುದಿಲ್ಲ. ಮಾನದಂಡದ ಕನಿಷ್ಠ 4 ಎಂಬುದನ್ನು ನೆನಪಿಟ್ಟುಕೊಂಡು ಆ 2ನ್ನು ಬಳಸದಿರುವುದು ಒಳಿತು.

ಇನ್ನೊಂದು ಸಂಗತಿ. ಲಿನಕ್ಸ್ ಕರ್ನಲ್ ತಾನಾಗಿ ನಡೆಸುವುದು ಹಳೆಯ ಎಸ್‌ಟಿಪಿಯನ್ನು ಮಾತ್ರ. ಆರ್‌ಎಸ್‌ಟಿಪಿ ಬೇಕಾದರೆ ಎಂಎಸ್‌ಟಿಪಿಡಿ ಎಂಬ ಪ್ರತ್ಯೇಕ ಪ್ರೋಗ್ರಾಂ ಹಾಕಬೇಕು. ಇದನ್ನು ತಿಳಿಯದೆ ಲಿನಕ್ಸ್ ಪೆಟ್ಟಿಗೆಯೊಂದನ್ನು ಆರ್‌ಎಸ್‌ಟಿಪಿ ಉಂಗುರದ ನಡುವೆ ಕೂರಿಸಿದರೆ ಆ ಭಾಗವೆಲ್ಲ ಹಳೆಯ ವೇಗಕ್ಕೆ ಇಳಿಯುತ್ತದೆ.

ಕುಶಾವತಿ, ತೀರ್ಥಹಳ್ಳಿ

ಎಲ್ಲರಿಗೂ ಕೃತಜ್ಞತೆಗಳು. ಅಂಕಿ ಇಳಿಸುವ ಯೋಚನೆಯನ್ನು ಕೈಬಿಟ್ಟಿದ್ದೇನೆ. ಆರ್‌ಎಸ್‌ಟಿಪಿಗೆ ಹೋಗುವುದೇ ಸರಿಯೆಂದು ತೋರುತ್ತದೆ. ಆದರೆ ಎರಡು ತೊಡಕುಗಳಿವೆ. ವೇಬ್ರಿಜ್‌ನ ಹಳೆಯ ಸ್ವಿಚ್ ಸರಪಳಿಯ ನಡುವೆಯೇ ಇದೆ, ಹೊಸದಕ್ಕೆ ಹಣ ಮಂಜೂರಾಗಲು ಆಡಳಿತ ಮಂಡಳಿಯ ಸಭೆಯ ತನಕ ಕಾಯಬೇಕು. ರೇಡಿಯೊಗಳ ವಿಷಯದಲ್ಲಿ ಏನು ಮಾಡಬೇಕೆಂಬುದೂ ಸ್ಪಷ್ಟವಾಗಿಲ್ಲ, ಮಳೆ ಜೋರಾದಾಗ ಅವುಗಳ ಕೊಂಡಿ ಆಗಾಗ ಹೋಗಿ ಬರುತ್ತದೆ.

ವಿದ್ಯಾನಗರ, ಶಿವಮೊಗ್ಗ

ಆರ್‌ಎಸ್‌ಟಿಪಿಯ ಬಗ್ಗೆ ಸ್ವಲ್ಪ ಹಿನ್ನೆಲೆ ಹೇಳಿದರೆ ಅನುಕೂಲ. ಸ್ಪ್ಯಾನಿಂಗ್ ಟ್ರೀಯನ್ನು ರೇಡಿಯಾ ಪರ್ಲ್‌ಮನ್ ಅವರು ಡಿಜಿಟಲ್ ಇಕ್ವಿಪ್‌ಮೆಂಟ್ ಕಾರ್ಪೊರೇಷನ್‌ನಲ್ಲಿದ್ದಾಗ 1985ರಲ್ಲಿ ರೂಪಿಸಿದರು, 1990ರಲ್ಲಿ ಅದು 802.1ಡಿ ಮಾನದಂಡವಾಯಿತು. ಒಂದು ನಿಮಿಷದೊಳಗೆ ಜಾಲ ಮರಳಿದರೆ ಸಾಕೆಂದು ಭಾವಿಸುತ್ತಿದ್ದ ಕಾಲದ ವಿನ್ಯಾಸ ಅದು. 2001ರಲ್ಲಿ 802.1ಡಬ್ಲ್ಯೂ ಎಂದು ಆರ್‌ಎಸ್‌ಟಿಪಿ ಬಂತು, 802.1ಡಿಯ 2004ರ ಆವೃತ್ತಿಯಲ್ಲಿ ಹಳೆಯ ಎಸ್‌ಟಿಪಿಯನ್ನು ಕೈಬಿಟ್ಟು ಇದನ್ನೇ ಇಟ್ಟುಕೊಂಡರು.

ಹಳೆಯದರಲ್ಲಿ ಪೋರ್ಟ್ ತೆರೆಯಲು ಗಡಿಯಾರವೊಂದೇ ಆಧಾರ. ಹೊಸದರಲ್ಲಿ ಅಕ್ಕಪಕ್ಕದ ಎರಡು ಸ್ವಿಚ್‌ಗಳು ಪರಸ್ಪರ ಕೇಳಿ, ಒಪ್ಪಿಗೆ ಪಡೆದು, ತಕ್ಷಣ ಪೋರ್ಟ್ ತೆರೆಯುತ್ತವೆ. ಕೊಂಡಿ ಬಿದ್ದದ್ದು ತಿಳಿಯದೇ ಹೋದರೂ ಸತತವಾಗಿ ಮೂರು ಹೆಲೋ ಬಾರದಿದ್ದರೆ, ಎಂದರೆ 6 ಸೆಕೆಂಡಿನಲ್ಲಿ, ಪಕ್ಕದವರು ಇಲ್ಲವೆಂದು ತೀರ್ಮಾನಿಸುತ್ತವೆ. ಮ್ಯಾಕ್ಸ್ ಏಜ್ ಇಲ್ಲಿ ಸಂದೇಶ ಎಷ್ಟು ಸ್ವಿಚ್ ದಾಟಬಹುದು ಎಂಬ ಮಿತಿಯಾಗಿ ಉಳಿದಿದೆ, ಅದನ್ನು ಇಳಿಸಿದರೆ ವೇಗ ಹೆಚ್ಚುವುದಿಲ್ಲ. ದೊಡ್ಡ ಉಂಗುರವಿದ್ದವರು ಅದನ್ನು 40ರವರೆಗೆ ಏರಿಸುವುದುಂಟು. ಆಗ ಫಾರ್ವರ್ಡ್ ಡಿಲೇ ಕನಿಷ್ಠ 21 ಇರಬೇಕಾಗುತ್ತದೆ.

ಫಾರ್ವರ್ಡ್ ಡಿಲೇ ಮಾತ್ರ ಒಂದು ಬಾಗಿಲ ಹಿಂದೆ ಕಾದು ಕುಳಿತಿರುತ್ತದೆ. ಕೇಳುವ ಒಪ್ಪುವ ಮಾತುಕತೆ ನಡೆಯದ ಪೋರ್ಟ್‌ಗಳಲ್ಲಿ ಮತ್ತೆ ಅದೇ 15, 15 ಸೆಕೆಂಡು ಎಣಿಕೆಯಾಗುತ್ತದೆ. ಎದುರಿಗೆ ಹಳೆಯ ಎಸ್‌ಟಿಪಿ ಸ್ವಿಚ್ ಇದ್ದರೆ ಹಾಗಾಗುತ್ತದೆ. ಕೊಂಡಿ ಹಾಫ್ ಡ್ಯೂಪ್ಲೆಕ್ಸ್‌ನಲ್ಲಿದ್ದರೆ (ಒಮ್ಮೆಗೆ ಒಂದೇ ದಿಕ್ಕಿನಲ್ಲಿ ಕಳುಹಿಸುವ ಬಗೆ), ಅದನ್ನು ಹಲವರು ಹಂಚಿಕೊಂಡ ಕೊಂಡಿಯೆಂದು ಭಾವಿಸಿ ಸ್ವಿಚ್ ಮಾತುಕತೆಗೇ ಇಳಿಯುವುದಿಲ್ಲ. ಕನ್ವರ್ಟರ್‌ಗಳ ಮುಂದಿನ ಪೋರ್ಟ್‌ಗಳಲ್ಲಿ ಡ್ಯೂಪ್ಲೆಕ್ಸ್ ಏನು ತೋರಿಸುತ್ತಿದೆ ಎಂಬುದನ್ನು ತಾವು ಒಂದೊಂದಾಗಿ ನೋಡಬೇಕು. ಇನ್ನು ಕಂಪ್ಯೂಟರ್, ಪ್ರಿಂಟರ್‌ಗಳಿರುವ ಪೋರ್ಟ್‌ಗಳನ್ನು ಎಡ್ಜ್ ಪೋರ್ಟ್ ಎಂದು ಗುರುತಿಸಿ. ಅವು ಮಾತುಕತೆಗೆ ಕಾಯದೆ ತೆರೆದುಕೊಳ್ಳುತ್ತವೆ, ಜೊತೆಗೆ ಕರೆಂಟ್ ಹೋಗಿ ಬಂದಾಗಲೆಲ್ಲ ಜಾಲ ಬದಲಾಯಿತೆಂಬ ಸುದ್ದಿಯನ್ನೂ ಹಬ್ಬಿಸುವುದಿಲ್ಲ. ಹಳೆಯ ಎಸ್‌ಟಿಪಿಯಲ್ಲಿ ಅಂಥ ಸುದ್ದಿಯೊಂದು ಬಂದರೆ ಮ್ಯಾಕ್ ಪಟ್ಟಿಯ (ಯಾವ ವಿಳಾಸ ಯಾವ ಪೋರ್ಟ್‌ನಲ್ಲಿದೆ ಎಂಬ ನೆನಪು) ಆಯುಷ್ಯ 300 ಸೆಕೆಂಡಿನಿಂದ 15ಕ್ಕೆ ಇಳಿದು, 35 ಸೆಕೆಂಡಿನವರೆಗೆ ಹಾಗೆಯೇ ಇರುತ್ತದೆ. ಆ ಹೊತ್ತಿನಲ್ಲಿ ಪಟ್ಟಿಯಿಂದ ಬಿಟ್ಟುಹೋದ ವಿಳಾಸಗಳ ಫ್ರೇಮ್‌ಗಳು ಎಲ್ಲ ಪೋರ್ಟ್‌ಗಳಿಗೂ ಹರಿಯುತ್ತವೆ, ರೇಡಿಯೊದಂಥ ಸಣ್ಣ ಕೊಂಡಿ ಅದರಿಂದಲೇ ಉಸಿರುಗಟ್ಟುತ್ತದೆ.

ಶರಾವತಿ ಹಿನ್ನೀರು, ಸಾಗರ

ವೇಬ್ರಿಜ್‌ನ ತೊಡಕಿಗೆ ಹಣವಿಲ್ಲದೆ ಒಂದು ದಾರಿಯಿದೆ. ತಮ್ಮ ಫೈಬರ್ ಕೇಬಲ್‌ನಲ್ಲಿ ಬಳಸದೆ ಉಳಿದ ಎಳೆಗಳು ಇರಬೇಕು. ವೇಬ್ರಿಜ್‌ನ ಪೆಟ್ಟಿಗೆಯಲ್ಲಿ ಒಂದು ಜೋಡಿ ಎಳೆಯನ್ನು ಸ್ವಿಚ್‌ಗೆ ಇಳಿಸದೆ ನೇರವಾಗಿ ಬೆಸೆದು, ಗೊಬ್ಬರದ ಗೋದಾಮಿನಿಂದ ಶಾಖೆಗೆ ಒಂದೇ ಕೊಂಡಿ ಮಾಡಿ. ಹಳೆಯ ಸ್ವಿಚ್ ಇನ್ನೊಂದು ಜೋಡಿ ಎಳೆಯಲ್ಲಿ ಗೊಬ್ಬರದ ಗೋದಾಮಿಗೆ ಕವಲಾಗಿ ತೂಗಿಕೊಂಡಿರಲಿ. ಆಗ ಉಂಗುರದಲ್ಲಿ ಆರ್‌ಎಸ್‌ಟಿಪಿ ಬಲ್ಲ ನಾಲ್ಕು ಸ್ವಿಚ್‌ಗಳಷ್ಟೇ ಉಳಿಯುತ್ತವೆ, ಹಳೆಯದರ ನಿಧಾನ ಆ ಒಂದು ಕವಲಿಗೆ ಸೀಮಿತವಾಗುತ್ತದೆ. ಗೋದಾಮಿಗೂ ವೇಬ್ರಿಜ್‌ಗೂ ನಡುವೆ ಕೇಬಲ್ ಪೂರ್ತಿ ತುಂಡಾದರೆ ವೇಬ್ರಿಜ್‌ಗೆ ಬೇರೆ ದಾರಿ ಇರುವುದಿಲ್ಲ. ಇದನ್ನು ತಿಳಿದೇ ಮಾಡಬೇಕು.

ರೇಡಿಯೊದ ವಿಷಯ. 5 ಗಿಗಾಹರ್ಟ್ಸ್‌ನಲ್ಲಿ ಕೆಲವು ಕಿಲೋಮೀಟರ್ ದೂರಕ್ಕೆ ಮಳೆಯ ಹನಿಗಳಿಂದ ಆಗುವ ನಷ್ಟ ಅಷ್ಟು ದೊಡ್ಡದಲ್ಲ. ಕಾಟ ಕೊಡುವುದು ನೀರು ತುಂಬಿಕೊಂಡ ಎಲೆಗಳು. ಬೇಸಿಗೆಯಲ್ಲಿ ಕಂಬ ನೆಟ್ಟಾಗ ಕಾಣುತ್ತಿದ್ದ ದಾರಿಗೆ ಮಳೆಗಾಲದಲ್ಲಿ ಒಂದು ಕೊಂಬೆ ಅಡ್ಡ ಬಂದರೂ ಸಿಗ್ನಲ್ ಕುಸಿಯುತ್ತದೆ. ಆ ದಾರಿಯ ಸೊಪ್ಪು ಸವರಿಸುವುದು ಯಾವ ಸೆಟ್ಟಿಂಗ್‌ಗಿಂತಲೂ ಮೊದಲ ಕೆಲಸ. ಅದಾದ ಮೇಲೆ ಎರಡೂ ರೇಡಿಯೊಗಳಲ್ಲಿ ಸ್ಪ್ಯಾನಿಂಗ್ ಟ್ರೀ ಆಫ್ ಮಾಡಿ, ಅವು ಬರೀ ತಂತಿಯಂತೆ ವರ್ತಿಸಲಿ. ಆದರೆ ಒಂದು ಎಚ್ಚರಿಕೆ: ಬಿಪಿಡಿಯುಗಳು ಒಂದು ವಿಶೇಷ ಮಲ್ಟಿಕಾಸ್ಟ್ ವಿಳಾಸಕ್ಕೆ ಹೋಗುವ ಫ್ರೇಮ್‌ಗಳು. ಕೆಲವು ಉಪಕರಣಗಳು ಅವನ್ನು ದಾಟಿಸುತ್ತವೆ, ಕೆಲವು ನುಂಗಿಬಿಡುತ್ತವೆ. ರೇಡಿಯೊ ನುಂಗುವ ಜಾತಿಯದಾಗಿದ್ದರೆ ಯಾವ ಸ್ವಿಚ್‌ಗೂ ಲೂಪ್ ಇರುವುದೇ ತಿಳಿಯದೆ ಜಾಲವೆಲ್ಲ ಕುಸಿಯುತ್ತದೆ. ಆದ್ದರಿಂದ ಫೈಬರ್ ಬದಿಯನ್ನು ಬಿಚ್ಚಿಟ್ಟು, ರೇಡಿಯೊ ಒಂದರಲ್ಲೇ ಶಾಖೆಯನ್ನು ಜೋಡಿಸಿ, ಶಾಖೆಯ ಸ್ವಿಚ್ ಕಚೇರಿಯನ್ನೇ ರೂಟ್ ಎಂದು ತೋರಿಸುತ್ತಿದೆಯೇ ನೋಡಿ. ತೋರಿಸಿದರೆ ಮಾತ್ರ ಫೈಬರ್ ಮತ್ತೆ ಹಾಕಿ.

ಕುಶಾವತಿ, ತೀರ್ಥಹಳ್ಳಿ

ಕೆಲಸ ಮುಗಿದಿದೆ, ವರದಿ ಒಪ್ಪಿಸುತ್ತಿದ್ದೇನೆ. ಉಳಿದಿದ್ದ ಎಳೆಗಳಲ್ಲಿ ಒಂದು ಜೋಡಿಯನ್ನು ವೇಬ್ರಿಜ್‌ನಲ್ಲಿ ನೇರವಾಗಿ ಬೆಸೆಸಿದೆವು. ಕಚೇರಿಯ ಸ್ವಿಚ್‌ಗೆ 4096 ಕೊಟ್ಟು, ಉಂಗುರದ ನಾಲ್ಕೂ ಸ್ವಿಚ್‌ಗಳನ್ನು ಆರ್‌ಎಸ್‌ಟಿಪಿಗೆ ತಂದೆ. ಸಮಯಗಳೆಲ್ಲ ಮೂಲದಲ್ಲಿದ್ದ 2, 20, 15ರಲ್ಲೇ ಇವೆ. ಅಡಿಕೆ ಗೋದಾಮಿನ ಒಂದು ಕನ್ವರ್ಟರ್ ಹಾಫ್ ಡ್ಯೂಪ್ಲೆಕ್ಸ್‌ನಲ್ಲಿ ನಿಂತಿತ್ತು, ಅದನ್ನು ಬದಲಿಸಿದ್ದೇನೆ. ಗುಡ್ಡದ ದಾರಿಯಲ್ಲಿ ಕೊಂಬೆಗಳನ್ನು ಕಡಿಸಿದ್ದಾಯಿತು, ರೇಡಿಯೊ ಬಿಪಿಡಿಯುಗಳನ್ನು ದಾಟಿಸುತ್ತಿದೆ. ಈಗ ಕಚೇರಿಯಲ್ಲಿ ಫೈಬರ್ ಕಳಚಿದರೆ ಪಿಂಗ್ ಒಂದೆರಡು ತಪ್ಪಿ ಮುಂದುವರಿಯುತ್ತದೆ, ಬಿಲ್ಲಿಂಗ್ ಕಡಿಯುವುದಿಲ್ಲ. ಎಲ್‌ಎಫ್‌ಪಿ ಇಲ್ಲದ ಕನ್ವರ್ಟರ್‌ಗಳಿರುವ ಗೋದಾಮುಗಳ ನಡುವೆ 6 ಸೆಕೆಂಡಿನ ಆಸುಪಾಸು ಹಿಡಿಯುತ್ತದೆ.

ಒಂದು ಪ್ರಶ್ನೆ ಉಳಿದಿದೆ. ಸಿಡಿಲಿಗೆ ಕಚೇರಿಯ ಸ್ವಿಚ್ಚೇ ಹೋದರೆ ರೂಟ್ ಯಾರಾಗುತ್ತಾರೆ? ಮತ್ತೆ ವೇಬ್ರಿಜ್‌ನ ಹಳೆಯದೇ?

ವಿದ್ಯಾನಗರ, ಶಿವಮೊಗ್ಗ

ಉಳಿದವೆಲ್ಲ 32768ರಲ್ಲಿದ್ದರೆ ಹೌದು, ಅದೇ ಆಗುತ್ತದೆ, ಆಗ ಅದರಲ್ಲಿ ಬರೆದಿರುವ ಸಮಯಗಳೇ ಎಲ್ಲರಿಗೂ ಅನ್ವಯಿಸುತ್ತವೆ. ಗೊಬ್ಬರದ ಗೋದಾಮಿನ ಸ್ವಿಚ್‌ಗೆ 8192 ಕೊಡಿ, ವೇಬ್ರಿಜ್‌ನದಕ್ಕೆ 61440 ಕೊಡಿ. ಗೊಬ್ಬರದ ಗೋದಾಮಿನ ಸ್ವಿಚ್‌ನಲ್ಲಿಯೂ 2, 20, 15 ಎಂದೇ ಇದೆಯೇ ಎಂಬುದನ್ನು ಅದರ ಸ್ವಂತ ಅಂಕಿಗಳ ಸಾಲಿನಲ್ಲಿ ಓದಿ ಖಚಿತಪಡಿಸಿಕೊಳ್ಳಿ. ವೇಬ್ರಿಜ್ ತೂಗಿಕೊಂಡಿರುವ ಪೋರ್ಟ್‌ನಲ್ಲಿ ರೂಟ್ ಗಾರ್ಡ್ (ಆ ಬದಿಯ ಸ್ವಿಚ್ ರೂಟ್ ಆಗದಂತೆ ತಡೆಯುವ) ಆಯ್ಕೆ ಇದ್ದರೆ ಅದನ್ನೂ ಹಾಕಿ. ಸುಟ್ಟ ಸ್ವಿಚ್‌ನ ಜಾಗಕ್ಕೆ ಹೊಸದನ್ನು ತಂದಾಗ ಅದು ಕಾರ್ಖಾನೆಯ 32768 ಹೊತ್ತೇ ಬರುತ್ತದೆ, ಆದ್ದರಿಂದ ಪ್ರಯಾರಿಟಿ ಬರೆದ ಮೇಲೆಯೇ ಫೈಬರ್ ಚುಚ್ಚಿ. ಇವನ್ನೆಲ್ಲ ಮಾಡಿದ ನಂತರ ಪ್ರತಿ ಸ್ವಿಚ್‌ನಲ್ಲಿಯೂ ಕಾನ್ಫಿಗರೇಷನ್ ಅನ್ನು ಸೇವ್ ಮಾಡಿ, ಒಮ್ಮೆ ಕರೆಂಟ್ ತೆಗೆದು ಹಾಕಿ, ಅಂಕಿಗಳು ಉಳಿದಿವೆಯೇ ನೋಡಿಬಿಡಿ.